ಟಿಟ್ವಾಳಾದ ಸೈಬರ್ ಕೆಫೆ: ಬೀಗ ಯಾರಿಗಾಗಿ?

ಕಸಾರಾ ಲೋಕಲ್‌ನಲ್ಲಿ ಕಲ್ಯಾಣ್ ದಾಟಿದರೆ ಶಹಾಡ್, ಆಂಬಿವಲಿ, ಆಮೇಲೆ ಟಿಟ್ವಾಳಾ. ಮುಂಬಯಿಯವರಿಗೆ ಅದು ಅಂಗಾರಕಿ ಚತುರ್ಥಿಗೆ ನೆನಪಾಗುವ ಗಣಪತಿಯ ಊರು. ನಮ್ಮಂಥವರಿಗೆ ಡೊಂಬಿವಲಿಯಲ್ಲಿ ಮನೆ ಕೊಳ್ಳಲು ಕೈಲಾಗದೆ ಬಂದು ನೆಲೆನಿಂತ ಊರು. 2000ದ ನಂತರದ ವರ್ಷಗಳಲ್ಲಿ ಇಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಒಂದೊಂದಾಗಿ ಸೈಬರ್ ಕೆಫೆಗಳಾದವು. ಕುಂದಾಪುರ ಕಡೆಯವರೊಬ್ಬರು, ಎಲ್ಲರಿಗೂ ಅವರು ‘ಅಣ್ಣ’, ತಮ್ಮ ಬೂತಿನ ಹಿಂದಿನ ಕೋಣೆಯಲ್ಲಿ ಆರು ಕಂಪ್ಯೂಟರ್ ಇಟ್ಟರು. ಸಂಜೆ ಹೊತ್ತು ಅವನ್ನು ನೋಡಿಕೊಳ್ಳುವ ಕೆಲಸ ನನ್ನದಾಯಿತು.

ನೋಡಿಕೊಳ್ಳುವುದೆಂದರೆ, ಎದ್ದು ಹೋದ ಗಿರಾಕಿ ಕೆಡಿಸಿಟ್ಟದ್ದನ್ನು ಮುಂದಿನವರು ಕೂರುವುದರೊಳಗೆ ಸರಿಮಾಡುವುದು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಟೂಲ್ಸ್, ಅದರೊಳಗೆ ಇಂಟರ್ನೆಟ್ ಆಪ್ಷನ್ಸ್. ಇಷ್ಟು ಗೊತ್ತಾದ ಒಬ್ಬ ಹುಡುಗ ಸಾಕಿತ್ತು. ಒಬ್ಬ ಹೋಮ್ ಪೇಜ್ ಬದಲಿಸಿ ಹೋಗುತ್ತಿದ್ದ. ಇನ್ನೊಬ್ಬ ಪ್ರಾಕ್ಸಿಯ ವಿಳಾಸ ಅಳಿಸುತ್ತಿದ್ದ. ಆರೂ ಯಂತ್ರಗಳು ಒಂದೇ ಲೈನನ್ನು ಪ್ರಾಕ್ಸಿ ಮೂಲಕ ಹಂಚಿಕೊಂಡಿದ್ದರಿಂದ ಆ ಯಂತ್ರಕ್ಕೆ ನೆಟ್ಟೇ ಇಲ್ಲ. ಮತ್ತೊಬ್ಬ, ಪುಟ ಬೇಗ ತೆರೆಯಲಿ ಎಂದು ಚಿತ್ರ ತೋರಿಸುವ ಟಿಕ್ ಗುರುತು ತೆಗೆದುಬಿಡುತ್ತಿದ್ದ. ಅವನ ಮಟ್ಟಿಗೆ ಅದು ಜಾಣತನವೇ. ಅವನ ನಂತರ ವಧು-ವರರ ಫೋಟೊ ನೋಡಲು ಬಂದವರಿಗೆ ಕಾಣುತ್ತಿದ್ದದ್ದು ಖಾಲಿ ಚೌಕಗಳು. ಮನುಷ್ಯರು ಮುಟ್ಟದಿದ್ದರೂ ಹೋಮ್ ಪೇಜ್ ಬದಲಾಗುವ ಕಾಲವೂ ಬಂತು. 2003ರ ಸುಮಾರಿಗೆ ಕೂಲ್‌ವೆಬ್‌ಸರ್ಚ್ ಎಂಬ ಪೀಡೆ ಸೇರಿಕೊಂಡ ಯಂತ್ರದಲ್ಲಿ ಬೆಳಿಗ್ಗೆ ಸರಿಮಾಡಿದ್ದು ಸಂಜೆಗೆ ಮತ್ತೆ ಹಾಳಾಗಿರುತ್ತಿತ್ತು.

ಸೆಟಿಂಗ್‌ಗಳಿಗೆ ಬೀಗ ಹಾಕಲು ಶುರುಮಾಡಿದ್ದು ಆಗ. ವಿಂಡೋಸ್ ಎಕ್ಸ್‌ಪಿ ಪ್ರೊಫೆಷನಲ್‌ನಲ್ಲಿ ಗ್ರೂಪ್ ಪಾಲಿಸಿ ಇತ್ತು. ಹೋಮ್ ಎಡಿಷನ್‌ನಲ್ಲಿ ಅದಿಲ್ಲ, ನೇರವಾಗಿ ರಿಜಿಸ್ಟ್ರಿಗೇ ಕೈಹಾಕಬೇಕು. ಅಲ್ಲಿ ಸರಿಯಾದ ಜಾಗದಲ್ಲಿ 1 ಎಂದು ಬರೆದರೆ ಹೋಮ್ ಪೇಜ್ ಪೆಟ್ಟಿಗೆ ಬೂದು ಬಣ್ಣಕ್ಕೆ ತಿರುಗಿ, ಒತ್ತಿದರೂ ಮಿಸುಕುತ್ತಿರಲಿಲ್ಲ. ಆದರೆ ಗಿರಾಕಿ ಕೂತದ್ದು ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಾದರೆ ಬೀಗದ ಪಕ್ಕದಲ್ಲೇ ಕೀಲಿಕೈ ನೇತುಹಾಕಿದ ಹಾಗೆ. ಲಿಮಿಟೆಡ್ ಖಾತೆ ಕೊಟ್ಟರೆ ಇನ್ನೊಂದು ತಕರಾರು: ವೆಬ್‌ಕ್ಯಾಮ್ ಓಡುವುದಿಲ್ಲ, ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ. 2004ರ ಕೊನೆಗೆ ಫೈರ್‌ಫಾಕ್ಸ್ ಬಂತು. ಎಕ್ಸ್‌ಪ್ಲೋರರ್‌ಗೆ ಹಾಕಿದ ಬೀಗಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಹುಡುಗರು ಅದನ್ನು ಪೆನ್‌ಡ್ರೈವ್‌ನಲ್ಲೇ ತರತೊಡಗಿದರು.

ನಾವು ಹಾಕಿದ ಬೀಗ ನಮ್ಮವರಿಗೇ ಅಡ್ಡ ಬಂದದ್ದೂ ಉಂಟು. ಹೋಟೆಲಿನ ಹುಡುಗರು ರಾತ್ರಿ ಕೆಲಸ ಮುಗಿಸಿ ಊರಿನ ಪತ್ರಿಕೆ ಓದಲು ಬರುತ್ತಿದ್ದರು. ಆಗ ಕನ್ನಡ ಪತ್ರಿಕೆಗಳಿಗೆ ಒಂದೊಂದಕ್ಕೆ ಒಂದೊಂದು ಫಾಂಟು. ಅದಿಲ್ಲದಿದ್ದರೆ ತೆರೆಯ ತುಂಬ ಅರ್ಥವಿಲ್ಲದ ಗುರುತುಗಳು. ಯೂನಿಕೋಡ್ ಕನ್ನಡ ಸರಿಯಾಗಿ ಕಾಣಲೂ ಎಕ್ಸ್‌ಪಿಯಲ್ಲಿ ಸಿ.ಡಿ. ಹಾಕಿ ಭಾಷೆಯ ಬೆಂಬಲ ಸೇರಿಸಬೇಕಿತ್ತು. ಬೀಗ ಬಿದ್ದ ಮೇಲೆ ಇದಾವುದೂ ಗಿರಾಕಿಯ ಕೈಯಲ್ಲಿಲ್ಲ. ಹಾಗಾಗಿ ಮೊದಲು ಕನ್ನಡ, ಆಮೇಲೆ ಬೀಗ ಎಂಬುದು ನಮ್ಮ ಅಂಗಡಿಯ ಕ್ರಮವಾಯಿತು.

ಮುಂದೆ ಬಂದದ್ದು ಬಿಳಿ ಕರಡಿಯ ಗುರುತಿನ ಡೀಪ್ ಫ್ರೀಜ್ ಎಂಬ ತಂತ್ರಾಂಶ. ಗಿರಾಕಿ ಏನು ಬೇಕಾದರೂ ಮಾಡಿಕೊಳ್ಳಲಿ, ಯಂತ್ರ ಆರಿಸಿ ಹಚ್ಚಿದರೆ ಎಲ್ಲ ಮೊದಲಿನಂತೆ. ಮೈಕ್ರೋಸಾಫ್ಟ್ ಕೂಡ ಇಂಥದೇ ಕೆಲಸಕ್ಕೆ ಸ್ಟೆಡಿಸ್ಟೇಟ್ ಎಂಬುದನ್ನು ಪುಕ್ಕಟೆ ಕೊಟ್ಟಿತ್ತು. 2010ರ ಕೊನೆಗೆ ಅದನ್ನು ನಿಲ್ಲಿಸಿತು. ನಾವು ಡೀಪ್ ಫ್ರೀಜ್ ಹಾಕಿದ್ದು ನಮ್ಮಲ್ಲಿ ಲೋಡ್‌ಶೆಡ್ಡಿಂಗ್ ಜೋರಾಗಿದ್ದ ಕಾಲದಲ್ಲಿ. ಒಬ್ಬ ಹುಡುಗಿ ಬಯೋಡೇಟಾ ಟೈಪ್ ಮಾಡಿ, ಡೆಸ್ಕ್‌ಟಾಪ್‌ನಲ್ಲಿ ಸೇವ್ ಮಾಡಿ, ಪ್ರಿಂಟ್‌ಗೆಂದು ಏಳುವಷ್ಟರಲ್ಲಿ ಕರೆಂಟು ಹೋಯಿತು, ಯುಪಿಎಸ್ಸೂ ಕೈಕೊಟ್ಟಿತು. ಮರಳಿ ಹಚ್ಚಿದಾಗ ಯಂತ್ರ ಬೆಳಗಿನ ಸ್ಥಿತಿಯಲ್ಲಿತ್ತು, ಬಯೋಡೇಟಾ ಮಾಯ. ಅಣ್ಣ ದುಡ್ಡು ತಗೊಳ್ಳದೆ ಅವಳನ್ನು ಮತ್ತೆ ಕೂರಿಸಿದರು. ಅಂದಿನಿಂದ ಡಿ ಡ್ರೈವ್ ಒಂದನ್ನು ಫ್ರೀಜ್ ಮಾಡದೆ ಬಿಟ್ಟು, ‘ಇಲ್ಲೇ ಸೇವ್ ಮಾಡಿ’ ಎಂದು ಮಾನಿಟರ್‌ಗಳ ಮೇಲೆ ಮರಾಠಿಯಲ್ಲಿ ಚೀಟಿ ಅಂಟಿಸಿದೆವು.

ಮೊದಮೊದಲು ಬೀಗ ಹಾಕಿದ್ದು ನಮ್ಮ ಶ್ರಮ ಉಳಿಸಿಕೊಳ್ಳಲು. ಆರ್ಕುಟ್ ಎಂಬ ಸಾಮಾಜಿಕ ಜಾಲತಾಣ ಬಂದ ಮೇಲೆ ಕಾರಣ ಬೇರೆಯಾಯಿತು. ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲೇ ಎಂದು ಬ್ರೌಸರ್ ಕೇಳಿದಾಗ ಓದದೆ ಹೂಂ ಎಂದವರ ಖಾತೆ ಮುಂದೆ ಕೂತವನ ಕೈಗೆ. “ಮಾರಾಯಾ, ಹಿಂದ್ ಕೂತವ ಎಂತ ಕಂಡ ಅಂತ ಮುಂದ್ ಬಂದವ್ನಿಗೆ ಗೊತ್ತಾಪ್ಕಾಗ” ಎಂದು ಅಣ್ಣ ಹೇಳುತ್ತಿದ್ದರು. ಪ್ರತಿ ಗಿರಾಕಿ ಎದ್ದಾಗಲೂ ಹಿಸ್ಟರಿ, ಕುಕಿ ಎಲ್ಲ ಅಳಿಸುವ ಪದ್ಧತಿ ಬಂತು.

ಮೂರನೆಯ ಕಾರಣ ಸರ್ಕಾರದ್ದು. 2011ರ ಏಪ್ರಿಲ್‌ನಲ್ಲಿ ಹೊರಬಿದ್ದ ಸೈಬರ್ ಕೆಫೆ ನಿಯಮಗಳು ಗಿರಾಕಿಯ ಗುರುತಿನ ಚೀಟಿ ಕೇಳಿದವು, ಪಾರ್ಟಿಷನ್ ನಾಲ್ಕೂವರೆ ಅಡಿ ಮೀರಬಾರದೆಂದವು, ಸಿಸ್ಟಮ್ ಸೆಟಿಂಗ್‌ಗಳನ್ನು ಬಳಕೆದಾರರು ತಿರುಚದಂತೆ ಮಾಲೀಕರೇ ಏರ್ಪಾಡು ಮಾಡಬೇಕೆಂದವು. ಅಷ್ಟು ವರ್ಷ ನಾವು ನಮ್ಮ ಅನುಕೂಲಕ್ಕೆ ಮಾಡಿಕೊಂಡು ಬಂದದ್ದು ಕಾನೂನಾಯಿತು. ಜತೆಗೆ, ನೋಡಿದ ತಾಣಗಳ ದಾಖಲೆಯನ್ನು ಕನಿಷ್ಠ ಒಂದು ವರ್ಷ ಇಡಬೇಕು. ಗಿರಾಕಿಯ ಮಾನ ಕಾಯಲು ಬ್ರೌಸರ್‌ನಿಂದ ಅಳಿಸುತ್ತಿದ್ದದ್ದನ್ನೇ ಈಗ ಸರ್ವರ್‌ನಲ್ಲಿ ಜೋಪಾನ ಮಾಡಬೇಕಾಯಿತು.

2016ರಲ್ಲಿ ಜಿಯೋ ಬಂದು ನೆಟ್ಟು ಮೊಬೈಲಿನಲ್ಲೇ ಸಿಗತೊಡಗಿದ ಮೇಲೆ ಬೀಗಕ್ಕೂ ಕೆಲಸ ಉಳಿಯಲಿಲ್ಲ. ಈಗ ಅಣ್ಣನ ಅಂಗಡಿಯಲ್ಲಿರುವುದು ಎರಡೇ ಕಂಪ್ಯೂಟರ್, ಎರಡೂ ಕೌಂಟರಿನ ಒಳಗೆ. ಝೆರಾಕ್ಸ್, ಆಧಾರ್ ಪ್ರಿಂಟ್, ಊರಿಗೆ ಹೋಗುವ ಮತ್ಸ್ಯಗಂಧ ರೈಲಿನ ಟಿಕೆಟ್, ಕಾಲೇಜಿನ ಅರ್ಜಿ: ಗಿರಾಕಿ ನಿಂತು ಹೇಳುತ್ತಾನೆ, ಒಳಗಿನ ಹುಡುಗ ಟೈಪ್ ಮಾಡುತ್ತಾನೆ. ಕೀಬೋರ್ಡೇ ಕೈಗೆ ಸಿಗದವನು ಸೆಟಿಂಗ್ ಬದಲಿಸುವುದೆಲ್ಲಿ ಬಂತು? ಆದರೆ ಟೂಲ್ಸ್ ಮೆನು ಕೆದಕಿ ನಮ್ಮನ್ನು ಗೋಳು ಹೊಯ್ದುಕೊಂಡ ಹುಡುಗರಲ್ಲಿ ಕೆಲವರು ಆ ಕೆದಕುವಿಕೆಯಿಂದಲೇ ಕಲಿತು ಇದೇ ಕಸುಬಿಗೆ ಬಂದರು. ಇಂದಿನ ಹುಡುಗರಿಗೆ ಕೆದಕಲು ಹಂಚಿಕೊಂಡ ಯಂತ್ರವಿಲ್ಲ. ಅಂದು ತನ್ನ ಪಾಸ್‌ವರ್ಡ್ ನಮಗೆ ಕಾಣದಂತೆ ಕೈ ಅಡ್ಡ ಹಿಡಿಯುತ್ತಿದ್ದ ಗಿರಾಕಿ ಇಂದು ಸರದಿಯಲ್ಲಿ ನಿಂತವರೆಲ್ಲ ಕೇಳುವ ಹಾಗೆ ಒಟಿಪಿಯನ್ನು ಗಟ್ಟಿಯಾಗಿ ಓದಿ ಹೇಳುತ್ತಾನೆ. ಅದಕ್ಕೆ ಬೀಗ ಹಾಕುವ ಸೆಟಿಂಗ್ ಯಾವ ಬ್ರೌಸರ್‌ನಲ್ಲೂ ಇಲ್ಲ.