ಕಾಡಿಗೆ ಗೊಬ್ಬರ ಹೆಚ್ಚಾದಾಗ

ನೆದರ್‌ಲ್ಯಾಂಡ್ಸ್ ದೇಶದ ನಡುಭಾಗದಲ್ಲಿ ವೇಲುವೆ ಎಂಬ ಮರಳುನೆಲದ ಕಾಡಿದೆ. ಅಲ್ಲಿನ ಹೋಗೆ ವೇಲುವೆ ರಾಷ್ಟ್ರೀಯ ಉದ್ಯಾನದ ವಿಸ್ತಾರ 5,000 ಹೆಕ್ಟೇರಿಗೂ ಹೆಚ್ಚು. ಬಾಗಿಲಲ್ಲೇ ಬಿಳಿ ಸೈಕಲ್ಲುಗಳ ಸಾಲು. ಬಾಡಿಗೆಯಿಲ್ಲ, ಹತ್ತಿ ಹೊರಡುವುದೇ. ಮಗಳ ಮನೆಗೆ ಹೋಗಿದ್ದಾಗ, ಅಕ್ಟೋಬರಿನ ಅಣಬೆ ಕಾಲದಲ್ಲಿ, ಮೊಮ್ಮಗನ ಜೊತೆ ಈ ಕಾಡು ಸುತ್ತಿದೆ.

ಈ ದೇಶದ ಓಕ್, ಬೀಚ್, ಪೈನ್ ಮರಗಳ ಬುಡದಲ್ಲಿ ಹಳದಿ ಅಣಬೆಯೊಂದು ಏಳುತ್ತದೆ. ಡಚ್ಚರು ಅದನ್ನು ‘ಹಾನೆನ್‌ಕಾಮ್’ ಅನ್ನುತ್ತಾರೆ. ಹಾಗೆಂದರೆ ಹುಂಜದ ಜುಟ್ಟು! ಮಕ್ಕಳೇ, ಮೇಲೆ ಕಾಣುವ ಅಣಬೆ ಮರಕ್ಕೆ ಹಣ್ಣಿದ್ದಂತೆ. ಅದರ ನಿಜವಾದ ಮೈ ಮಣ್ಣಿನೊಳಗೆ ನೂಲಿಗಿಂತ ಸಣ್ಣ ಎಳೆಗಳಾಗಿ ಮರದ ಬೇರನ್ನು ಸುತ್ತಿಕೊಂಡಿರುತ್ತದೆ. ಎಳೆಗಳು ಮಣ್ಣಿನಿಂದ ನೀರು, ರಂಜಕ, ಸಾರಜನಕ ತಂದುಕೊಡುತ್ತವೆ. ಮರ ತನ್ನ ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಕೊಡುತ್ತದೆ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ಬರೆದು ನಿವೃತ್ತನಾದ ನನಗೆ ಇದು ಬಾಕಿ ಉಳಿಸದೆ ನಡೆಯುವ ಖಾತೆಯಂತೆ ಕಂಡಿತು.

ಆದರೆ ಈ ದೇಶ ಕರ್ನಾಟಕದ ಕಾಲು ಭಾಗಕ್ಕಿಂತ ಚಿಕ್ಕದು, ದನಗಳೇ 35 ಲಕ್ಷದ ಮೇಲಿವೆ. ಹಂದಿ, ಕೋಳಿ ಬೇರೆ. ಸಗಣಿ, ಗಂಜಲದಿಂದ ಏಳುವ ಅಮೋನಿಯಾ ಗಾಳಿಯಲ್ಲಿ ತೇಲಿ, ಮಳೆಯೊಡನೆ ಕಾಡಿಗೆ ಇಳಿಯುತ್ತದೆ. ಅದರಲ್ಲಿರುವುದು ಸಾರಜನಕ.

“ತಾತ, ಗೊಬ್ಬರ ಬಿದ್ರೆ ಒಳ್ಳೇದಲ್ವಾ?” ಎಂದ ಮೊಮ್ಮಗ.

ಗದ್ದೆಗೆ ಒಳ್ಳೆಯದು. ಕಾಡಿನಲ್ಲಿ ಹಾಗಲ್ಲ. ಸಾರಜನಕ ಪುಕ್ಕಟೆ ಸಿಕ್ಕಿದರೆ ಮರ ಅಣಬೆಯ ಖಾತೆಗೆ ಸಕ್ಕರೆ ಹಾಕುವುದನ್ನು ಕಡಿಮೆ ಮಾಡುತ್ತದೆ. ಎಳೆಗಳು ಸೊರಗುತ್ತವೆ. ಹುಲ್ಲು, ಮುಳ್ಳುಬಳ್ಳಿ ನೆಲ ಮುಚ್ಚುತ್ತವೆ. ಮುಂದೆ ಮಳೆ ಕೈಕೊಟ್ಟಾಗ ಮರಕ್ಕೆ ನೀರು ಹುಡುಕಿಕೊಡುವ ಗೆಳೆಯನೇ ಇರುವುದಿಲ್ಲ. ಏಫ್ ಆರ್ನಾಲ್ಡ್ಸ್ ಎಂಬ ಡಚ್ ವಿಜ್ಞಾನಿ 1980ರ ದಶಕದಲ್ಲಿ ಹಳೆಯ ದಾಖಲೆಗಳನ್ನು ಹೋಲಿಸಿ, ಬೇರಿಗಂಟಿ ಬದುಕುವ ಅಣಬೆಗಳು ಬಹಳ ಕಡಿಮೆಯಾಗಿವೆ ಎಂದು ತೋರಿಸಿದರು. ಜನ ಕಿತ್ತು ತಿಂದು ಮುಗಿಸಿದರೇ? ಅಲ್ಲ, ತಿನ್ನಬಾರದ ಅಣಬೆಗಳೂ ಕಡಿಮೆಯಾಗಿದ್ದವು.

1990ರ ದಶಕದಲ್ಲಿ ಹೊಸ ನಿಯಮ ಬಂತು: ಸಗಣಿ ಗೊಬ್ಬರವನ್ನು ಹೊಲದ ಮೇಲೆ ಎರಚುವಂತಿಲ್ಲ, ಮಣ್ಣಿನೊಳಗೆ ಸೇರಿಸಬೇಕು. ಅಮೋನಿಯಾ ಇಳಿಯಿತು. ಹುಂಜದ ಜುಟ್ಟು ಮತ್ತೆ ತಲೆ ಎತ್ತತೊಡಗಿತು. ಆದರೂ ಕಾಡಿಗೆ ಬೀಳುವ ಸಾರಜನಕ ಇನ್ನೂ ಹೆಚ್ಚೇ. ಹಾಲಿ ಕ್ರಮ ಸಾಲದು ಎಂದು 2019ರಲ್ಲಿ ಅಲ್ಲಿನ ಉನ್ನತ ನ್ಯಾಯಪೀಠ ಹೇಳಿತು. ದನ ಕಡಿಮೆ ಮಾಡಿದರೆ ನಮ್ಮ ಗತಿಯೇನು ಎಂದು ರೈತರು ಅದೇ ವರ್ಷ ಟ್ರ್ಯಾಕ್ಟರ್ ಏರಿ ಹೇಗ್ ನಗರಕ್ಕೆ ಬಂದರು.

ರೈತನ ಕೊಟ್ಟಿಗೆಯೂ ಉಳಿಯಬೇಕು, ಮರದಡಿಯ ಎಳೆಯೂ ಉಳಿಯಬೇಕು. ಆ ಪುಟ್ಟ ದೇಶ ಈಗ ಬಿಡಿಸುತ್ತಿರುವ ಕಷ್ಟದ ಲೆಕ್ಕ ಇದು.