ಮೊದಲು ಒಂದು ಬರಲಿ

ನಾನು ಬ್ಯಾಡಗಿಯಲ್ಲಿ ಗರಡಿಗೆ ಹೋಗುತ್ತಿದ್ದ ಕಾಲಕ್ಕೆ ಹಾವೇರಿ ಇನ್ನೂ ಧಾರವಾಡ ಜಿಲ್ಲೆಯಲ್ಲೇ ಇತ್ತು. ನಸುಕಿನಲ್ಲಿ ಮೊದಲ ಕೆಲಸ ಮಣ್ಣು ಅಗೆಯುವುದು. ಎಣ್ಣೆ, ಮಜ್ಜಿಗೆ, ಅರಿಷಿಣ, ನಿಂಬೆರಸ ಕುಡಿದ ಆ ಕೆಂಪು ಮಣ್ಣನ್ನು ಹೊರಳಿಸುವುದರಲ್ಲೇ ಬೆನ್ನು ಬೆವರುತ್ತಿತ್ತು. ಆಮೇಲೆ ದಂಡ, ಬಸ್ಕಿ, ಕಲ್ಲುಗುಂಡು. ಕುಸ್ತಿ ಕೊನೆಗೆ. 

ವಸ್ತಾದರು ನನಗೆ ವರ್ಷವಿಡೀ ಕಲಿಸಿದ್ದು ಎದುರಾಳಿಯ ಕಾಲು ಹಿಡಿದು ಕೆಡಹುವುದೊಂದನ್ನೇ. ಬೇರೆ ಡಾವು ಕೇಳಿದರೆ, “ಇದ ಬಂತೇನಲೇ ಇನ್ನಾ?” ಎನ್ನುತ್ತಿದ್ದರು.

ಆ ಕಾಲ ಮರಳಿ ಬರಲೆಂದು ನಾನು ಬಯಸುವುದಿಲ್ಲ. ಜಾತ್ರೆಯ ಕಣದಲ್ಲಿ ತೂಕ ನೋಡುವವರಿರಲಿಲ್ಲ, ಕಣ್ಣಳತೆಯಲ್ಲೇ ಜೋಡಿ ಹಚ್ಚುತ್ತಿದ್ದರು. ನನ್ನ ಮೊಣಕಾಲು ಹೊರಳಿದಾಗ ಅರಿಷಿಣ ಹಚ್ಚಿ ಬಟ್ಟೆ ಸುತ್ತಿದರು. ಮೆಟ್ಟಿಲು ಇಳಿಯುವಾಗ ಅದು ಇಂದಿಗೂ ನೋಯುತ್ತದೆ. ಹೆಣ್ಣುಮಕ್ಕಳಿಗೆ ಒಳಗೆ ಪ್ರವೇಶವೇ ಇರಲಿಲ್ಲ.

ಈಗ ರಾಣೆಬೆನ್ನೂರಿನಲ್ಲಿರುವ ತಂಗಿಯ ಮಗನ ಹುಚ್ಚು ಗುದ್ದು, ಒದೆತ, ಹಿಡಿತ ಎಲ್ಲ ಸೇರಿದ ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್. ಆರು ತಿಂಗಳು ಕರಾಟೆ, ಮೂರು ತಿಂಗಳು ಕಿಕ್‌ಬಾಕ್ಸಿಂಗ್, ಉಳಿದದ್ದು ಮೊಬೈಲಿನಲ್ಲಿ. “ಮಾಮಾ, ಬರೇ ಕುಸ್ತಿ ಈಗ ನಡಿಯಂಗಿಲ್ರೀ. ಎಲ್ಲಾ ಬರಬೇಕು” ಎನ್ನುತ್ತಾನೆ.

ಅವನ ಮಾತು ಸುಳ್ಳಲ್ಲ. 1993ರಲ್ಲಿ ನಡೆದ ಈ ಆಟದ ಮೊದಲ ಯುಎಫ್‌ಸಿ ಪಂದ್ಯಾವಳಿಯಲ್ಲಿ ರಾಯ್ಸ್ ಗ್ರೇಸಿ ನೆಲದ ಹಿಡಿತಗಳ ಜಿಯು-ಜಿಟ್ಸು ಒಂದನ್ನೇ ನಂಬಿ ತನಗಿಂತ ದೊಡ್ಡ ಆಳುಗಳನ್ನು ಸೋಲಿಸಿದ. ಉಳಿದವರು ಆ ವಿದ್ಯೆ ಕಲಿತ ಮೇಲೆ ಅದೊಂದೇ ಸಾಲದಾಯಿತು. ನಮ್ಮ ರಿತು ಫೋಗಟ್ ಕುಸ್ತಿಯ ಬಲದಿಂದಲೇ 2021ರಲ್ಲಿ ಇದೇ ಆಟದ ಇನ್ನೊಂದು ಸಂಸ್ಥೆಯಾದ ಒನ್ ಚಾಂಪಿಯನ್‌ಶಿಪ್‌ನ ಗ್ರ್ಯಾಂಡ್ ಪ್ರಿ ಪಂದ್ಯಾವಳಿಯ ಫೈನಲ್ ಮುಟ್ಟಿದರು. ಅಲ್ಲಿ ಥಾಯ್ಲೆಂಡಿನ ಸ್ಟ್ಯಾಂಪ್ ಫೇರ್‌ಟೆಕ್ಸ್ ನೆಲದ ಮೇಲೆಯೇ ಅವರ ತೋಳನ್ನು ಮುರಿಯುವಂತೆ ಬಿಗಿಹಿಡಿದು ಗೆದ್ದರು. ಗುದ್ದು, ಒದೆತಗಳ ಮುಯ್ ಥಾಯ್‌ನವಳು ಪೈಲ್ವಾನಳನ್ನು ನೆಲದಲ್ಲಿ ಸೋಲಿಸಿದಳು!

ಈ ಪಂದ್ಯವನ್ನು ಅಳಿಯ ನನಗೆ ಸಾಕ್ಷಿಯೆಂದು ತೋರಿಸಿದ. ಆದರೆ ಸ್ಟ್ಯಾಂಪ್ ಐದು ವರ್ಷದವಳಿದ್ದಾಗಿನಿಂದ ಮಾಡಿದ್ದು ಮುಯ್ ಥಾಯ್. ನೆಲದ ಹಿಡಿತ ಕಲಿತದ್ದು ಆಮೇಲೆ. ಬೇರು ಇಳಿದ ಮೇಲೆ ಟೊಂಗೆ ಒಡೆದದ್ದು. ನನ್ನ ಅಳಿಯನಿಗೆ ಇನ್ನೂ ಬೇರಿಲ್ಲ. ಒಂದು ದಿನ ಅಂಗಳದಲ್ಲಿ ಅವನ ಕಾಲು ಹಿಡಿದೆ. ಹಾಳಾದ ಮೊಣಕಾಲಿನ ಈ ಮುದುಕನಿಂದ ಬಿಡಿಸಿಕೊಳ್ಳಲು ಅವನಿಗೆ ಆಗಲಿಲ್ಲ.

ಹಾವೇರಿ, ರಾಣೆಬೆನ್ನೂರು ಕಡೆಯ ತಂದೆತಾಯಂದಿರೇ, ಮಗನಿರಲಿ ಮಗಳಿರಲಿ, ಗ್ಲೌಸು ಕೊಡಿಸುವ ಮೊದಲು ಮೂರು ವರ್ಷ ಕುಸ್ತಿಯ ಮ್ಯಾಟಿಗೆ ಕಳಿಸಿ.