ತಪ್ಪೆಂದು ಹೇಳುವ ಬಗೆ

ಸಾರಿಗೆ ಉಪ್ಪು ಹೆಚ್ಚಾಗಿದೆಯೆಂದು ಬಡಿಸುವವರಿಗೆ ತಿಳಿಸುವುದು ಎಷ್ಟು ನಾಜೂಕಿನ ಕೆಲಸವೆಂಬುದನ್ನು ಸಂಸಾರಿಗಳಿಗೆ ನಾನು ಹೇಳಬೇಕಾಗಿಲ್ಲ. ಅಚ್ಚಾದ ಬರೆಹದಲ್ಲಿ ತಪ್ಪಿದೆಯೆಂದು ಬರೆದವರಿಗೆ ತಿಳಿಸುವುದು ಅದಕ್ಕಿಂತ ನಾಜೂಕು. ಅದನ್ನು ಇಂಗ್ಲಿಷಿನಲ್ಲಿ ತಿಳಿಸಬೇಕಾಗಿ ಬಂದರಂತೂ ನಮ್ಮಂತಹ ಕನ್ನಡದ ಮೇಷ್ಟರ ಪಾಡು ದೇವರಿಗೇ ಪ್ರೀತಿ. ವ್ಯಾಕರಣದ ತಪ್ಪಿನ ಮಾತನ್ನು ನಾನು ಆಡುತ್ತಿಲ್ಲ. ಆ ಯುದ್ಧ ಇಂಗ್ಲಿಷ್ ವಿಭಾಗದವರಿಗೆ ಸೇರಿದ್ದು. ನಾನು ಹೇಳುತ್ತಿರುವುದು ಇಸವಿ, ಅಳತೆ, ಹೆಸರು ಮುಂತಾದ ಸಂಗತಿಯ ತಪ್ಪುಗಳನ್ನು ಕುರಿತು.

ಕನ್ನಡದಲ್ಲಿ ‘ತಪ್ಪು’ ಎಂಬ ಒಂದೇ ಮಾತು ಲೆಕ್ಕದ ತಪ್ಪಿಗೂ ಸಲ್ಲುತ್ತದೆ, ನಡತೆಯ ತಪ್ಪಿಗೂ ಸಲ್ಲುತ್ತದೆ. ಇಂಗ್ಲಿಷಿನವರು ಒಂದೊಂದು ತೂಕಕ್ಕೆ ಒಂದೊಂದು ಬಟ್ಟನ್ನು ಇಟ್ಟುಕೊಂಡಿದ್ದಾರೆ. ‘ರಾಂಗ್’ ಎಂದರೆ ಮೇಷ್ಟರ ಕೆಂಪು ಶಾಯಿ. ‘ಇನ್‌ಕರೆಕ್ಟ್’ ಎಂದರೆ ಅದೇ ಶಾಯಿಗೆ ಸ್ವಲ್ಪ ನೀರು ಬೆರೆಸಿದ್ದು. ‘ಇನ್‌ಆಕ್ಯುರೇಟ್’ ಎಂದರೆ ಬಾಣ ಗುರಿಯ ಬಳಿಗೆ ಹೋಯಿತು, ತಾಗಲಿಲ್ಲ ಎಂದು. ‘ಮಿಸ್‌ಲೀಡಿಂಗ್’ ಎಂದರೆ ಬಿಡಿಬಿಡಿಯಾಗಿ ಮಾತುಗಳು ನಿಜವಾಗಿದ್ದರೂ ಓದಿದವನು ದಾರಿ ತಪ್ಪುತ್ತಾನೆ ಎಂದು. ‘ಫಾಲ್ಸ್’ ಎಂಬುದಕ್ಕೆ ಎರಡು ಮುಖ: ಪ್ರಶ್ನೆಪತ್ರಿಕೆಯಲ್ಲಿ ಅದು ಸಾಧುಪ್ರಾಣಿ, ಕಾಗದದಲ್ಲಿ ಬರೆದರೆ, ಎದುರಿನವನು ಬೇಕೆಂದೇ ಸುಳ್ಳಾಡಿದನೆಂಬ ನೆರಳು ಬೀಳುತ್ತದೆ.

ಮಾತಿಲ್ಲದೆಯೇ ತಪ್ಪು ತೋರಿಸುವ ಉಪಾಯವೂ ಅವರಲ್ಲಿ ಒಂದುಂಟು. ಅದು ‘ಸಿಕ್’ ಎಂಬ ಲ್ಯಾಟಿನ್ ಪದ. ಮತ್ತೊಬ್ಬರ ಬರೆಹವನ್ನು ಉದ್ಧರಿಸುವಾಗ ಅದರಲ್ಲಿ ತಪ್ಪು ಕಂಡರೆ, ಪಕ್ಕದಲ್ಲಿ ಕಂಸ ಹಾಕಿ ಈ ಪದವನ್ನು ಕೂರಿಸುತ್ತಾರೆ. ‘ಮೂಲದಲ್ಲಿ ಇರುವುದೇ ಹೀಗೆ’ ಎಂದು ಅದರ ಅರ್ಥ. ಪಾಠವನ್ನು ಕಾಪಾಡುವ ಸಂಪಾದಕನ ಕೈಯಲ್ಲಿ ಅದು ಪ್ರಾಮಾಣಿಕತೆ. ಜಗಳಗಂಟನ ಕೈಯಲ್ಲಿ ಅದು ಸಭೆಯಲ್ಲಿ ಹುಬ್ಬು ಹಾರಿಸಿದಂತೆ. ತಪ್ಪಿದೆಯೆಂದು ಅದು ಸಾರುತ್ತದೆ. ಸರಿ ಯಾವುದೆಂದು ಮಾತ್ರ ಹೇಳುವುದಿಲ್ಲ.

ಈ ವಿಚಾರದಲ್ಲಿ ನನಗೆ ಮೆಚ್ಚುಗೆಯಾದವಳು, ಹೆಸರು ತಿಳಿಯದ ಒಬ್ಬ ಇಂಗ್ಲಿಷ್ ಮಹಿಳೆ. ಡಾಕ್ಟರ್ ಜಾನ್‌ಸನ್ನರು ೧೭೫೫ರಲ್ಲಿ ಪ್ರಕಟಿಸಿದ ಮಹಾನಿಘಂಟಿನಲ್ಲಿ ‘ಪಾಸ್ಟರ್ನ್’ ಎಂಬ ಪದಕ್ಕೆ ಕುದುರೆಯ ಮೊಣಕಾಲು ಎಂದು ಅರ್ಥ ಕೊಟ್ಟಿದ್ದರು. ನಿಜವಾಗಿ ಅದು ಕಾಲಿನಲ್ಲಿ ಗೊರಸಿನ ಮೇಲಿರುವ ಭಾಗ. ಆಕೆ ‘ನಿಮ್ಮದು ತಪ್ಪು’ ಎನ್ನಲಿಲ್ಲ. ಹಾಗೆ ಅರ್ಥ ಬರೆದದ್ದು ಹೇಗೆಂದು ಕೇಳಿದಳು, ಅಷ್ಟೆ. ತಮ್ಮ ಅಜ್ಞಾನವೇ ಕಾರಣವೆಂದು ಆ ಪಂಡಿತರು ಒಪ್ಪಿಕೊಂಡರೆಂದು ಅವರ ಚರಿತ್ರಕಾರ ಬಾಸ್‌ವೆಲ್ ಬರೆದಿಟ್ಟಿದ್ದಾನೆ. ಪ್ರಶ್ನೆ ಪಂಡಿತರಿಗೆ ಬಾಗಿಲು ತೆರೆದಿಟ್ಟಿತು. ಆದರೆ ಕುದುರೆಯ ಕಾಲನ್ನು ಒಂದು ಅಂಗುಲವೂ ಅತ್ತಿತ್ತ ಸರಿಸಲಿಲ್ಲ.

ಇದು ಬರಿಯ ಶಿಷ್ಟಾಚಾರದ ಮಾತಲ್ಲವೆಂದು ನನಗೆ ಮನದಟ್ಟಾದದ್ದು ನನ್ನ ವಿದ್ಯಾರ್ಥಿಯೊಬ್ಬನ ಪ್ರಸಂಗದಲ್ಲಿ. ಹುಡುಗ ವಿಜಯಪುರದ ಕಡೆಯವನು. ಒಂದು ಸಂಸ್ಥೆಯವರು ನಡೆಸಿದ ಸಾಮಾನ್ಯಜ್ಞಾನ ಸ್ಪರ್ಧೆಗೆ ಕುಳಿತಿದ್ದ. ಅದಕ್ಕೆಂದು ಅವರೇ ಇಂಗ್ಲಿಷಿನಲ್ಲಿ ಒಂದು ಕೈಪಿಡಿ ಅಚ್ಚು ಹಾಕಿಸಿದ್ದರು. ರೋಮಿನ ಸಂತ ಪೀಟರರ ಇಗರ್ಜಿಯ ಗುಮ್ಮಟದ ನಂತರ ಪ್ರಪಂಚದಲ್ಲೇ ಎರಡನೆಯ ದೊಡ್ಡ ಗುಮ್ಮಟ ನಮ್ಮ ಗೋಳಗುಮ್ಮಟವೆಂದು ಅದರಲ್ಲಿತ್ತು. ಇದು ಸರಿಯೇ, ತಪ್ಪೇ ಎಂಬ ಪ್ರಶ್ನೆಗೆ ಹುಡುಗ ‘ತಪ್ಪು’ ಎಂದು ಬರೆದ. ಅಂಕ ಹೋಯಿತು, ಅದೊಂದು ಅಂಕದಿಂದ ಬಹುಮಾನವೂ ಹೋಯಿತು. ಕೇಳಲು ಹೋದಾಗ ಅಲ್ಲಿದ್ದವರೊಬ್ಬರು, “ಸ್ವಂತ ಊರಿನ ಮೇಲೆ ಅಭಿಮಾನ ಬೇಡವೇನಯ್ಯಾ?” ಎಂದರಂತೆ. ಬಹುಮಾನಕ್ಕಿಂತ ಆ ಮಾತು ಅವನನ್ನು ಹೆಚ್ಚು ನೋಯಿಸಿತ್ತು.

“ನಮ್ಮೂರ ಗುಮ್ಮಟ ರೀ ಸರ್. ಸಣ್ಣದು ಮಾಡೂ ಮನಸ್ಸು ನನಗ್ಯಾಕ ಬರತೈತಿ?” ಎಂದು ಕೇಳಿದ.

ಅವನು ಬರೆದದ್ದು ಸರಿಯಾಗಿತ್ತು. ಗೋಳಗುಮ್ಮಟದ ಒಳವ್ಯಾಸ ಸುಮಾರು ೩೮ ಮೀಟರು. ರೋಮಿನಲ್ಲೇ, ಕ್ರಿಸ್ತಶಕ ಎರಡನೆಯ ಶತಮಾನದ ಪ್ಯಾಂಥಿಯನ್ ಗುಮ್ಮಟದ್ದು ಸುಮಾರು ೪೩ ಮೀಟರು. ಅದು ಸಂತ ಪೀಟರರ ಗುಮ್ಮಟಕ್ಕಿಂತಲೂ ತುಸು ಅಗಲ. ಇನ್ನು ೨೦೧೪ರಲ್ಲಿ ತೆರೆದ ಸಿಂಗಪುರದ ಕ್ರೀಡಾಂಗಣದ ಗುಮ್ಮಟವೋ ಮುನ್ನೂರು ಮೀಟರಿಗೂ ಮಿಕ್ಕಿದ್ದು. ಇದರಿಂದ ಮಹಮದ್ ಆದಿಲ್‌ಷಾಹನ ಸಮಾಧಿಗೆ ಯಾವ ಕುಂದೂ ಇಲ್ಲ. ನಡುವೆ ಒಂದು ಕಂಬವೂ ಇಲ್ಲದೆ, ಒಂದನ್ನೊಂದು ಹಾಯ್ದು ನಿಂತ ಕಮಾನುಗಳ ಮೇಲೆ ಅಷ್ಟು ಭಾರವನ್ನು ಹದಿನೇಳನೆಯ ಶತಮಾನದಲ್ಲಿ ಹೊರಿಸಿದ ಶಿಲ್ಪಿಗೆ ಎರಡನೆಯ ಸ್ಥಾನದ ಸುಳ್ಳು ಸರ್ಟಿಫಿಕೇಟು ಏಕೆ?

ಹುಡುಗ ತಾನೇ ಒಂದು ಇಂಗ್ಲಿಷ್ ಕಾಗದ ಬರೆದು ತಂದಿದ್ದ. ಅದರಲ್ಲಿ ‘ಫಾಲ್ಸ್’ ಮೂರು ಸಲ, ‘ಇಗ್ನೊರೆನ್ಸ್’ ಎರಡು ಸಲ ಬಂದಿದ್ದವು. ಅಜ್ಞಾನವೆಂಬುದು ಜಾನ್‌ಸನ್ನರಂತೆ ತಾವಾಗಿ ಒಪ್ಪಿಕೊಳ್ಳಬೇಕಾದದ್ದೇ ಹೊರತು, ಇನ್ನೊಬ್ಬರು ಹೊರಿಸಬೇಕಾದದ್ದಲ್ಲ. ಇಂಗ್ಲಿಷ್ ವಿಭಾಗದ ನನ್ನ ಮಿತ್ರರಿಗೆ ಅದನ್ನು ತೋರಿಸಿದೆ. ಅವರು ಪರಮಸಾಧುಗಳು. ‘ಐ ಆಮ್ ಅಫ್ರೇಡ್’ ಎಂದು ಆರಂಭಿಸಿ, ‘ಪರ್‌ಹ್ಯಾಪ್ಸ್’, ‘ಇಟ್ ವುಡ್ ಅಪಿಯರ್’ ಮುಂತಾದ ಮೆತ್ತೆಗಳನ್ನೆಲ್ಲ ಹಾಸಿ ಹೊಸ ಕಾಗದ ಬರೆದುಕೊಟ್ಟರು. ಓದಿದರೆ, ಭಯಪಡುತ್ತಿರುವವರು ಯಾರು, ಯಾವುದಕ್ಕೆ ಎಂಬುದು ಗೊತ್ತಾಗುತ್ತಿತ್ತೇ ಹೊರತು, ಕೈಪಿಡಿಯಲ್ಲಿ ತಪ್ಪಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಮೊದಲ ಕಾಗದ ಮನುಷ್ಯನನ್ನು ಹೊಡೆಯುತ್ತಿತ್ತು; ಎರಡನೆಯದು ಸಂಗತಿಯನ್ನೇ ಮಲಗಿಸಿಬಿಟ್ಟಿತ್ತು.

ಕೊನೆಗೆ ಮೂವರೂ ಕುಳಿತು ನಾಲ್ಕೇ ವಾಕ್ಯಗಳ ಕಾಗದ ಸಿದ್ಧಪಡಿಸಿದೆವು. ಇಂತಹ ಪುಟದಲ್ಲಿ ಹೀಗೆಂದಿದೆ. ಅಳತೆಗಳು ಹೀಗಿವೆ, ಇಂತಹ ಗ್ರಂಥಗಳಲ್ಲಿ ನೋಡಬಹುದು. ಇದನ್ನು ಅನುಸರಿಸಿ ಈ ವಿದ್ಯಾರ್ಥಿಯ ಉತ್ತರವನ್ನು ಮತ್ತೊಮ್ಮೆ ಪರಿಶೀಲಿಸಬಹುದೇ? ಮುಂದಿನ ಮುದ್ರಣದಲ್ಲಿ ತಿದ್ದಿದರೆ ಓದುವವರಿಗೆಲ್ಲ ಉಪಕಾರವಾದೀತು. ‘ನೀವು’ ಎಂಬ ಮಾತನ್ನು ಎಲ್ಲಿಯೂ ಬಳಸಲಿಲ್ಲ. ‘ಬಹುಶಃ’ ಎಂಬುದನ್ನೂ ಬಳಸಲಿಲ್ಲ. ಮೃದುತ್ವವೆಲ್ಲ ಮನುಷ್ಯನಿಗೆ ಸಲ್ಲಲಿ, ಅಳತೆಗೆ ಬೇಡ ಎಂಬುದಷ್ಟೇ ನಮ್ಮ ಸೂತ್ರವಾಗಿತ್ತು.

ಒಂದು ತಿಂಗಳ ಮೇಲೆ ಉತ್ತರ ಬಂತು. ‘ಒಂದು ತಪ್ಪು ನುಸುಳಿದೆ, ವಿಷಾದಿಸಲಾಗಿದೆ’ ಎಂದಿತ್ತು. ತಪ್ಪು ತಾನಾಗಿಯೇ ಚೇಳಿನಂತೆ ನುಸುಳುತ್ತದೆ. ವಿಷಾದಿಸುವವರು ಯಾರೂ ಇರುವುದಿಲ್ಲ. ಇದು ಇಂಗ್ಲಿಷಿನ ಕರ್ಮಣಿ ಪ್ರಯೋಗದ ಮಹಿಮೆ. ನಾವೇನು ಕಡಿಮೆ? ಎಲ್ಲವನ್ನೂ ಮುದ್ರಾರಾಕ್ಷಸನ ತಲೆಗೆ ಕಟ್ಟುತ್ತೇವೆ. ಮುಂದಿನ ಮುದ್ರಣದಲ್ಲಿ ತಿದ್ದುವುದಾಗಿ ಒಪ್ಪಿದ್ದರು. ಪ್ರಕಟವಾದ ಫಲಿತಾಂಶವನ್ನು ಮಾತ್ರ ಬದಲಿಸಲಾಗದು ಎಂದಿದ್ದರು. ಹುಡುಗ ಕಾಗದವನ್ನು ಎರಡು ಸಲ ಓದಿ, “ಪುಸ್ತಕದಾಗ ತಿದ್ದತಾರಂತಲ್ರೀ ಸರ್, ಮುಂದಿನವರಿಗೆ ಆತು” ಎಂದು ಮಡಿಸಿ ಜೇಬಿನಲ್ಲಿಟ್ಟುಕೊಂಡ. ಅವನ ಮುಖದಲ್ಲಿ ಸಂತೋಷವೇನೂ ಇರಲಿಲ್ಲ.

ತಡವಾದ ತಿದ್ದುಪಡಿಯ ಗತಿಯೇ ಇದು. ರಾಬರ್ಟ್ ಗಾಡರ್ಡ್ ಎಂಬ ವಿಜ್ಞಾನಿ, ಗಾಳಿಯಿಲ್ಲದ ಅಂತರಿಕ್ಷದಲ್ಲಿಯೂ ರಾಕೆಟ್ಟು ಸಾಗಬಲ್ಲುದೆಂದು ಹೇಳಿದಾಗ, ಅಮೆರಿಕದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ೧೯೨೦ರ ಜನವರಿಯಲ್ಲಿ, ಹೈಸ್ಕೂಲಿನ ಪಾಠವೂ ಈತನಿಗೆ ತಿಳಿಯದೆಂದು ಹಾಸ್ಯ ಮಾಡಿತು. ತಪ್ಪು ಪತ್ರಿಕೆಯದು, ಮೃದುತ್ವ ಮನುಷ್ಯನಿಗೂ ಸಲ್ಲಲಿಲ್ಲ. ಮುಂದೆ ೧೯೬೯ರ ಜುಲೈ ೧೭ರಂದು, ಮೂವರು ಯಾತ್ರಿಕರು ಚಂದ್ರನತ್ತ ಹೊರಟ ಮಾರನೆಯ ದಿನ, ಪತ್ರಿಕೆ ತನ್ನ ಹಳೆಯ ಮಾತನ್ನು ತಿದ್ದಿ ವಿಷಾದವನ್ನು ಅಚ್ಚು ಹಾಕಿತು. ಆ ವೇಳೆಗೆ ಗಾಡರ್ಡ್ ತೀರಿಕೊಂಡು ೨೪ ವರ್ಷಗಳಾಗುತ್ತ ಬಂದಿದ್ದವು.

ಆದುದರಿಂದ ವಾಚಕರಲ್ಲಿ ನನ್ನದೊಂದು ಬಿನ್ನಹ. ಈ ಪ್ರಬಂಧದಲ್ಲಿ ಯಾವ ಅಂಕಿಯಾದರೂ ಸರಿಯಿಲ್ಲವೆಂದು ತೋರಿದರೆ ಸಂಕೋಚಪಡದೆ ಒಂದು ಕಾರ್ಡು ಬರೆಯಬೇಕು: ಯಾವ ಸಾಲು, ಸರಿ ಯಾವುದು, ಎಲ್ಲಿ ನೋಡಬೇಕು. ಮೆತ್ತೆ ಹಾಸುವುದು ಬೇಡ. ನಾನಿರುವಾಗಲೇ ಬರೆದರೆ ಸಾಕು.